ಸಿಗಡಿಯ ಕೊಳದ ನೀರು ಹಠಾತ್ತನೆ ಕದಡುವುದೇಕೆ?

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಗಜನಿ ಭೂಮಿಗಳಲ್ಲಿ ಮಳೆಗಾಲದಲ್ಲಿ ಕಗ್ಗ ಭತ್ತವನ್ನು ಬೆಳೆದು, ಕೊಯ್ಲಾದ ಮೇಲೆ ಉಬ್ಬರದ ನೀರನ್ನು ಒಳಗೆ ಬಿಟ್ಟುಕೊಂಡು ಸಿಗಡಿ, ಮೀನುಗಳನ್ನು ಹಿಡಿಯುವುದು ಪೂರ್ವದಿಂದ ನಡೆದುಬಂದ ಪದ್ಧತಿ. ಈಚೆಗೆ ಕರಾವಳಿಯಲ್ಲಿ ಮರಿಗಳನ್ನು ಬಿಟ್ಟು ಮೇವು ಹಾಕಿ ಸಾಕುವ ಉಪ್ಪುನೀರಿನ ಕೊಳಗಳೂ ಆಗಿವೆ. ಸಂಜೆ ಸರಿಯಾಗಿದ್ದ ನೀರು ಬೆಳಗಾಗುವಷ್ಟರಲ್ಲಿ ಕದಡಿದುದನ್ನು ಕಂಡರೆ ಯಜಮಾನನಿಗೆ ಗಾಬರಿಯಾಗುವುದು ಸಹಜವೇ. ಆದರೆ ಕಾರಣವನ್ನು ತಿಳಿಯದೆ ಕೈಗೆ ಸಿಕ್ಕಿದ ಸುಣ್ಣವನ್ನೋ ಔಷಧವನ್ನೋ ಸುರಿಯುವುದು ನೆಗಡಿಯಾಯಿತೆಂದು ಮೂಗನ್ನು ಕೊಯ್ದುಕೊಂಡಂತೆಯೇ ಸರಿ.

ನೀರು ಕದಡುವುದಕ್ಕೆ ಮುಖ್ಯವಾಗಿ ನಾಲ್ಕು ಕಾರಣಗಳುಂಟು. ಇವುಗಳನ್ನು ಬೇರ್ಪಡಿಸುವುದಕ್ಕೆ ಒಂದು ಗಾಜಿನ ಲೋಟವೇ ಸಾಕು. ಕೊಳದ ನೀರನ್ನು ಅದರಲ್ಲಿ ತುಂಬಿ, ಅಲುಗಿಸದೆ ಕೆಲವು ಗಂಟೆಗಳ ಕಾಲ ಇಡತಕ್ಕದ್ದು.

ಮೊದಲನೆಯದು, ಒಡ್ಡಿನಿಂದ ಕೊಚ್ಚಿಬಂದ ಮಣ್ಣು. ಉಪ್ಪುನೀರಿನಲ್ಲಿ ಜೇಡಿಯ ಕಣಗಳು ಒಂದಕ್ಕೊಂದು ಅಂಟಿ ಬೇಗನೆ ತಳಕ್ಕಿಳಿಯುವುವು. ದೊಡ್ಡ ಮಳೆಯಿಂದ ಉಪ್ಪು ತಗ್ಗಿದಾಗ ತೇಲುತ್ತಲೇ ಇರುವುವು. ಎರಡನೆಯದು, ಅತಿಯಾಗಿ ಹಾಕಿದ ಸುಣ್ಣ. ಆಗ ಬಿಳಿಯ ಗಸಿ ತಳದಲ್ಲಿ ಕೂರುವುದು; ಅದರ ಮೇಲೆ ಲಿಂಬೆಯ ರಸವನ್ನು ಹಿಂಡಿದರೆ ಗುಳ್ಳೆಗಳೆದ್ದು ಕರಗುವುದು. ಮೂರನೆಯದು, ಪಾಚಿ. ಹಸುರು ಅಥವಾ ಕಂದು ಬಣ್ಣದ ನೀರು ಒಮ್ಮೆಲೇ ಪೇಲವವಾಗಿ, ಗಾಳಿಯ ಮೂಲೆಯಲ್ಲಿ ನೊರೆ ಸೇರಿದ್ದರೆ, ಬೆಳೆದ ಪಾಚಿ ಸತ್ತಿತೆಂದು ಊಹಿಸಬಹುದು.

ನಾಲ್ಕನೆಯದೇ ಹೆಚ್ಚು ಅಪಾಯಕರವಾದುದು. ಸಿಗಡಿಗಳು ತಿನ್ನದೆ ಬಿಟ್ಟ ಮೇವೂ ಸತ್ತ ಪಾಚಿಯೂ ತಳದಲ್ಲಿ ಕೊಳೆತು, ಸೂಕ್ಷ್ಮಜೀವಿಗಳು ಮಿತಿಮೀರಿ ಹೆಚ್ಚುವುವು. ನೀರು ಹಾಲಿನಂತಾಗುವುದು, ರಾತ್ರಿಯೆಲ್ಲ ಇಟ್ಟರೂ ಲೋಟದಲ್ಲಿ ತಿಳಿಯಾಗದು. ಈ ಜೀವಿಗಳು ನೀರಿನಲ್ಲಿರುವ ಆಮ್ಲಜನಕವನ್ನು ಹೀರಿಕೊಳ್ಳುವುವು. ರಾತ್ರಿಯಲ್ಲಿ ಪಾಚಿಯೂ ಆಮ್ಲಜನಕವನ್ನು ಕೊಡದೆ ತಾನೇ ಬಳಸುವುದರಿಂದ, ಅದರ ಕೊರತೆಯು ಬೆಳಗಿನ ಜಾವದಲ್ಲಿ ಅತ್ಯಧಿಕವಾಗಿರುವುದು. ಆಗ ಸಿಗಡಿಗಳು ದಡಕ್ಕೆ ಬಂದು ಮೇಲೆ ಈಜಾಡತೊಡಗಿದರೆ ತಡಮಾಡಲಾಗದು. ಆ ಹೊತ್ತಿನ ಮೇವನ್ನು ನಿಲ್ಲಿಸಿ, ನೀರು ಕಡೆಯುವ ಯಂತ್ರವನ್ನು ನಡೆಸಿ, ಒಳ್ಳೆಯ ನೀರು ದೊರೆಯುವುದಾದರೆ ಸ್ವಲ್ಪಸ್ವಲ್ಪವಾಗಿ ಬದಲಾಯಿಸತಕ್ಕದ್ದು. ಇಂತಹ ಸಮಯದಲ್ಲಿ ಸುಟ್ಟ ಸುಣ್ಣವನ್ನು ಸುರಿದರೆ ನೀರಿನ ಕ್ಷಾರಗುಣವೇರಿ, ಅದರಲ್ಲಿರುವ ಅಮೋನಿಯಾ ಮತ್ತಷ್ಟು ವಿಷವಾಗುವುದು. ಉಳಿಯಬಹುದಾಗಿದ್ದ ಬೆಳೆಯೂ ಕೈಬಿಟ್ಟುಹೋಗುವುದು.

ಕದಡುವುದಕ್ಕೆ ಮುಂಚೆಯೇ ನೀರನ್ನು ಗಮನಿಸುತ್ತಿರುವುದು ಇದಕ್ಕಿಂತಲೂ ಉತ್ತಮ. 1865ರಲ್ಲಿ ಇಟಲಿಯ ಪಾದ್ರಿ ಆಂಜೆಲೊ ಸೆಕ್ಕಿ ಎಂಬಾತನು ಬಿಳಿಯ ಬಿಲ್ಲೆಯನ್ನು ಸಮುದ್ರದೊಳಗೆ ಇಳಿಸಿ ನೀರಿನ ತಿಳಿಯನ್ನು ಅಳೆದನು. ಅದೇ ರೀತಿಯಲ್ಲಿ 20 ಸೆಂಟಿಮೀಟರ್ ಅಗಲದ ಬಿಲ್ಲೆಯನ್ನು ಹಗ್ಗಕ್ಕೆ ಕಟ್ಟಿ ಕೊಳಕ್ಕೆ ಇಳಿಬಿಟ್ಟರೆ, ಅದು ಸುಮಾರು 30ರಿಂದ 40 ಸೆಂಟಿಮೀಟರ್ ಆಳದಲ್ಲಿ ಕಣ್ಮರೆಯಾಗುವುದು ಹಿತಕರ. ದಿನವೂ ಒಂದೇ ಹೊತ್ತಿನಲ್ಲಿ ಅಳೆದು ಪುಸ್ತಕದಲ್ಲಿ ಬರೆದಿಟ್ಟ ರೈತನಿಗೆ ನೀರು ಕೆಡುವ ಸೂಚನೆ ಮುಂಚಿತವಾಗಿಯೇ ಸಿಕ್ಕುವುದು.

ಇನ್ನೊಂದು ಮಾತು ಊರಿನ ಮುಖಂಡರಿಗೆ ಸೇರಿದುದು. ಕೆಟ್ಟ ನೀರನ್ನು ಇಳಿತದ ಹೊತ್ತಿನಲ್ಲಿ ಕಾಲುವೆಗೆ ಬಿಟ್ಟು ಕೈತೊಳೆದುಕೊಳ್ಳುವವರುಂಟು. ಅದೇ ನೀರು ಮುಂದಿನ ಉಬ್ಬರದಲ್ಲಿ ನೆರೆಯವನ ಕೊಳವನ್ನು ಹೊಗುವುದು. 1994ರಿಂದೀಚೆಗೆ ಭಾರತದ ಸಿಗಡಿ ಕೊಳಗಳಿಗೆ ಅಪಾರ ಹಾನಿಯನ್ನುಂಟುಮಾಡಿದ ಬಿಳಿಚುಕ್ಕೆ ರೋಗವೂ ಹೀಗೆ ನೀರಿನ ಮೂಲಕ ಹರಡಬಲ್ಲುದು. ಆದುದರಿಂದ ನೀರು ಬಿಡುವ ಮುನ್ನ ನೆರೆಯವರಿಗೆ ತಿಳಿಸುವ ಕಟ್ಟುಪಾಡನ್ನು ಪ್ರತಿಯೊಂದು ಊರೂ ಮಾಡಿಕೊಳ್ಳುವುದು ಯುಕ್ತ. ಕೊಳವು ಒಬ್ಬನದಾದರೂ ಕಾಲುವೆಯ ನೀರು ಎಲ್ಲರದು.