ಯಾರೂ ಇಡದ ಹೆಸರು ಬೇಕಾ? ಕನ್ನಡದ ಹೆಸರಿಡಿ!

ಗಂಡು ಮಗು ಹುಟ್ಟಿದ ಮೂರನೇ ದಿನಕ್ಕೆ ನಮ್ಮ ಹುಡುಗರ ವಾಟ್ಸಾಪ್ ಗುಂಪಲ್ಲಿ ಬರೋದು ಒಂದೇ ಪ್ರಶ್ನೆ: "ಯಾರೂ ಇಟ್ಟಿರಬಾರದು, ಅಂಥ ಹೆಸರೊಂದು ಹೇಳ್ರಪ್ಪ." ಹತ್ತು ನಿಮಿಷದಲ್ಲಿ ಆಪ್‌ನಿಂದ ಎತ್ತಿದ ಪಟ್ಟಿ ಬಂದು ಬೀಳುತ್ತೆ. ರೇಯಾಂಶ್, ವಿಹಾನ್, ಕಿಯಾನ್. ಅರ್ಥ ಕೇಳಿದರೆ ಸೂರ್ಯಕಿರಣ, ದೇವರ ಅಂಶ, ಹೊಸ ಬೆಳಗು. ಯಾವ ನಿಘಂಟು, ಯಾವ ಪುಟ ಅಂತ ಕೇಳಿದರೆ ಆಪ್ ಬಾಯಿ ಬಿಡಲ್ಲ.

ಅದೇ ಪಟ್ಟಿಯನ್ನ ಪುಣೆಯವರೂ ನೋಡ್ತಾರೆ, ಪಾಟ್ನಾದವರೂ ನೋಡ್ತಾರೆ. ದೇಶಕ್ಕೆಲ್ಲ ಒಂದೇ ಅಂಗಡಿಯ ಅಂಗಿ ತೊಡಿಸಿ, "ನನ್ನ ಮಗನ ಹೆಸರು ಯಾರಿಗೂ ಇಲ್ಲ" ಅನ್ನೋದು ಯಾವ ಲೆಕ್ಕ?

ನಿಜವಾಗಿ ಯಾರೂ ಇಡದ ಹೆಸರು ಯಾವುದು ಅಂತ ನಾನು ಹೇಳ್ತೀನಿ. ವಾಲ್ಪಾರೈಯಿಂದ ನಲವತ್ತು ಹೇರ್‌ಪಿನ್ ತಿರುವು ಇಳಿದರೆ ಆಳಿಯಾರು, ಆಮೇಲೆ ಪೊಳ್ಳಾಚಿ. ಅಲ್ಲಿಂದ ತಿರುಪ್ಪೂರು, ಕೊಯಮತ್ತೂರಿನ ತನಕ ದೇವಾಂಗರಿದ್ದಾರೆ, ಅನುಪ್ಪರಿದ್ದಾರೆ, ಒಕ್ಕಲಿಗರಿದ್ದಾರೆ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಈ ಮನೆಗಳ ತೊಟ್ಟಿಲಲ್ಲಿ ಇವತ್ತು ಮಾದಪ್ಪ ಎಲ್ಲಿ? ಮಲ್ಲ, ಚೆನ್ನ, ಬಸವ ಎಲ್ಲಿ? ಅಜ್ಜಂದಿರ ಜೊತೆಗೇ ಹೋದರು. ಅಪರೂಪ ಅಂದರೆ ಇದಕ್ಕಿಂತ ಅಪರೂಪ ಬೇಕಾ?

ಇದು ಬರೀ ಹಳೇದರ ಮೇಲಿನ ಮೋಹ ಅಲ್ಲ. ತಮಿಳುನಾಡಿನಲ್ಲಿ 2006ರ ಕಾಯ್ದೆ ಪ್ರಕಾರ ಒಂದನೇ ಕ್ಲಾಸಿಂದ ತಮಿಳು ಕಡ್ಡಾಯ. ಕಲೀಲಿ, ಬಾಳುವ ನೆಲದ ಭಾಷೆ ಕಲಿಯಲೇಬೇಕು. ಆದರೆ ನಮ್ಮ ಬಹಳ ಮಕ್ಕಳಿಗೆ ಶಾಲೆಯಲ್ಲಿ ಕನ್ನಡ ಅನ್ನೋದೇ ಸಿಗಲ್ಲ. ಅಂಥ ಹುಡುಗನ ಹಾಜರಿ ಪುಸ್ತಕದಲ್ಲಿ ಉಳಿಯೋ ಒಂದೇ ಒಂದು ಕನ್ನಡ ಪದ ಅವನ ಹೆಸರು. ಅದನ್ನೂ ಆಪ್‌ಗೆ ಬಿಟ್ಟುಕೊಟ್ಟರೆ ಉಳಿದದ್ದೇನು?

ಹೆಸರಿನ ಬೆಲೆ ನಮ್ಮ ಅಕ್ಕಪಕ್ಕದ ತಮಿಳರನ್ನ ನೋಡಿ ಕಲೀಬೇಕು. ವೇದಾಚಲಂ ಮರೈಮಲೈ ಅಡಿಗಳ್ ಆದರು. ನಾರಾಯಣಸ್ವಾಮಿ ನೆಡುಂಚೆಳಿಯನ್ ಆದರು. ರಾಮಯ್ಯ ಅನ್ಬಳಗನ್ ಆದರು. ಬೆಳೆದು ನಿಂತವರು ತಮ್ಮ ಹೆಸರನ್ನೇ ಬದಲಿಸಿ ತಮ್ಮ ನುಡಿಗೆ ತಂದರು. ಇವತ್ತು ಎಳಿಲ್, ಅರಿವು ಅಂತ ಕರೆದರೆ ಅಲ್ಲಿ ಯಾರೂ ನಗಲ್ಲ. ನಾವು ಆಗ ತಾನೇ ಹುಟ್ಟಿದ ಕೂಸಿಗೆ ಇಡೋಕೂ ನಾಚ್ಕೋತೀವಿ!

"ಹಳ್ಳಿ ಹೆಸರು ಕಣ್ರೀ, ನಗ್ತಾರೆ" ಅನ್ನೋರಿಗೆ ಒಂದು ಮಾತು. 2023ರಲ್ಲಿ ಆಸ್ಕರ್ ಗೆದ್ದ 'ದಿ ಎಲಿಫೆಂಟ್ ವಿಸ್ಪರರ್ಸ್' ಸಾಕ್ಷ್ಯಚಿತ್ರದಲ್ಲಿ ಇದ್ದೋರು ಯಾರು? ಪಕ್ಕದ ನೀಲಗಿರಿಯ ಮುದುಮಲೈ ಕಾಡಿನ ಬೊಮ್ಮನ್, ಬೆಳ್ಳಿ. ಇಡೀ ಲೋಕ ಆ ಹೆಸರು ಹೇಳ್ತು, ಯಾರೂ ನಗಲಿಲ್ಲ. ಕುವೆಂಪು 1938ರಲ್ಲಿ ಹುಟ್ಟಿದ ಮಗನಿಗೆ ಪೂರ್ಣಚಂದ್ರ ತೇಜಸ್ವಿ ಅಂತ ಇಟ್ಟರು. ಸಂಸ್ಕೃತದ ಪದಗಳೇ, ಇರಲಿ. ಆದರೆ ಅರ್ಥ ಗೊತ್ತಿದ್ದು, ಯೋಚಿಸಿ ಇಟ್ಟ ಹೆಸರು. ನನ್ನ ಜಗಳ ಸಂಸ್ಕೃತದ ಜೊತೆ ಅಲ್ಲ, ಅರ್ಥವೇ ಇಲ್ಲದ ಸದ್ದಿನ ಜೊತೆ.

ಇನ್ನೊಂದು ಕಷ್ಟ ನಿಜವಾದ್ದು. ತಮಿಳು ಲಿಪಿಯಲ್ಲಿ ಕ-ಗ ಎರಡಕ್ಕೂ ಒಂದೇ ಅಕ್ಷರ, ಪ-ಬ ಎರಡಕ್ಕೂ ಒಂದೇ. ಬಸವನನ್ನ ಗೊತ್ತಿಲ್ಲದೋರು ಪಸವ ಅಂತಾರೆ, ಪಂಪ ಹೋಗಿ ಪಂಬ ಆಗ್ತಾನೆ. ದೇವಾಂಗರ ಕುಲದೇವತೆ ಚೌಡೇಶ್ವರಿಯೇ ಇಲ್ಲಿ ಸೌಡೇಶ್ವರಿ ಆಗಿದ್ದಾಳೆ. ಬ್ಯಾಂಕ್ ಕೌಂಟರ್‌ನಲ್ಲಿ ಕೂತು ದಿನಾ ನೋಡ್ತೀನಿ: ಟಿಸಿಯಲ್ಲಿ ಮಾದಪ್ಪನ್, ಆಧಾರ್‌ನಲ್ಲಿ ಮಾದಪ್ಪ, ಪ್ಯಾನ್‌ನಲ್ಲಿ 'ಡಿ' ಬದಲು 'ಟಿಎಚ್'. ಕೆವೈಸಿ ಅಲ್ಲೇ ನಿಲ್ಲುತ್ತೆ.

ಅದಕ್ಕೆ ಹೆದರಿ ಕನ್ನಡ ಬಿಡೋದಲ್ಲ, ಹುಷಾರಾಗಿ ಆರಿಸೋದು. ನ, ಮ, ಯ, ರ, ಲ, ವ ಅಕ್ಷರಗಳು ತಮಿಳಲ್ಲಿ ಕೆಡಲ್ಲ. ರನ್ನ, ಅಲ್ಲಮ, ಮಯೂರ, ಮಲ್ಲ ಎಲ್ಲಿ ಬರೆದರೂ ಹಾಗೇ ಓದ್ತಾರೆ. ರನ್ನ ಸಾವಿರ ವರ್ಷದ ಹಿಂದಿನ ಕವಿ, ಮಯೂರ ಕದಂಬರ ಮೂಲಪುರುಷ. ಮಗ ದೊಡ್ಡವನಾಗಿ ಕೇಳಿದರೆ ಹೇಳೋಕೆ ಒಂದು ಕಥೆಯಾದ್ರೂ ಇರುತ್ತೆ.

ಆತುರವೂ ಬೇಡ. ಜನನವನ್ನ 21 ದಿನದೊಳಗೆ ನೋಂದಾಯಿಸಿ. ಹೆಸರನ್ನ ಹನ್ನೆರಡು ತಿಂಗಳೊಳಗೆ ಶುಲ್ಕ ಇಲ್ಲದೆ ಸೇರಿಸಬಹುದು. ಆದರೆ ಬರೆಸೋವಾಗ ತಮಿಳು, ಇಂಗ್ಲಿಷ್ ಎರಡರ ಕಾಗುಣಿತವನ್ನೂ ನೀವೇ ಚೀಟಿಯಲ್ಲಿ ಬರೆದುಕೊಡಿ, ನಕಲು ಕೈಗೆ ಬಂದ ಕೂಡಲೇ ಓದಿ ನೋಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಲೈಸೆನ್ಸ್, ಮತದಾರರ ಪಟ್ಟಿ, ಸರ್ಕಾರಿ ನೌಕರಿ ಎಲ್ಲದಕ್ಕೂ ಹುಟ್ಟಿದ ದಿನದ ಪುರಾವೆ ಆ ಒಂದೇ ಹಾಳೆ. ಅಲ್ಲಿ ತಪ್ಪಿದ ಅಕ್ಷರ ಅವನ ಜೊತೆ ಬೆಳೆಯುತ್ತೆ.

ಈ ವರ್ಷ ಅಪ್ಪ ಆಗೋ ಗೆಳೆಯರೇ, ಆಪ್ ತೆರೆಯೋ ಮುಂಚೆ ಮನೆಯ ಅಜ್ಜಿ ಹತ್ರ ಕೂತು ಹಿಂದಿನ ನಾಲ್ಕು ತಲೆಮಾರಿನ ಹೆಸರು ಕೇಳಿ ಬರ್ಕೊಳ್ಳಿ. ಅದರಲ್ಲಿ ಒಂದನ್ನ ಎತ್ತಿ ತೊಟ್ಟಿಲಿಗೆ ಹಾಕಿ. ಅಜ್ಜಿ ಬಾಯಲ್ಲಿ ತೊದಲದೆ ಬರೋ ಹೆಸರಾದರೆ ಸಾಕು.