ಗಡಿಯಾರ ತಿದ್ದಿದರೆ ಸಾಲದು, ಬ್ಯಾಟರಿ ಬದಲಿಸಿ



ಜಿಜಾನ್‌ನಲ್ಲಿ ನಡೆದ ನಮ್ಮ ಕಳೆದ ಆರೋಗ್ಯ ಶಿಬಿರದಲ್ಲಿ ನೋಂದಣಿ ಮೇಜಿನ ಹಳೆಯ ಲ್ಯಾಪ್‌ಟಾಪ್ ನಲವತ್ತು ನಿಮಿಷ ಹಿಂದಿತ್ತು. ಆಗಷ್ಟೇ ಉಪಾಹಾರ ಮುಗಿಸಿದ್ದ ಹಿರಿಯರೊಬ್ಬರ ಚೀಟಿಯ ಮೇಲೆ ಅದು 8 ಗಂಟೆ ಎಂದು ಮುದ್ರಿಸಿತು. ನಿಜವಾದ ಸಮಯ 8.40. ಅನಂತರ ಸ್ವಯಂಸೇವಕರೊಬ್ಬರು ಸದುದ್ದೇಶದಿಂದಲೇ ಗಡಿಯಾರವನ್ನು ಕೈಯಿಂದ ತಿದ್ದಿದರು. ಅದು 10 ಗಂಟೆ ತೋರಿಸಿದಾಗ, ಎರಡು ಗಂಟೆ ಕಳೆಯಿತೆಂದು ರಕ್ತ ತೆಗೆಯಲಾಯಿತು. ಕಳೆದಿದ್ದುದು ಒಂದು ಗಂಟೆ ಇಪ್ಪತ್ತು ನಿಮಿಷ ಮಾತ್ರ. ತಿಂದ ಮೇಲೆ ಏರಿದ ಸಕ್ಕರೆ ಇನ್ನೂ ಇಳಿದಿರದ ಹೊತ್ತು. ಅಂಕಿ ನೋಡಿ ಮಧುಮೇಹವೆಂದು ಬರೆಯಲು ನಾನು ಪೆನ್ನು ಎತ್ತಿದ್ದೆ. “ಡಾಕ್ಟ್ರೇ, ತಿಂಡಿ ತಿಂದು ಅಷ್ಟು ಹೊತ್ತಾಗಿಲ್ಲವಲ್ಲ” ಎಂದು ಅವರೇ ಹೇಳಿದ್ದರಿಂದ ಉಳಿದೆವು, ಅವರೂ ನಾನೂ.

ಸಮಿತಿಯಲ್ಲಿ ಇದನ್ನು ಪ್ರಸ್ತಾಪಿಸಿದಾಗ ಬಂದ ಉತ್ತರ: “ಅದಕ್ಕೇನು, ಬೆಳಿಗ್ಗೆ ಒಮ್ಮೆ ಸರಿಮಾಡಿಕೊಂಡರಾಯಿತು.” ಈ ಮಾತನ್ನು ನಾನು ಒಪ್ಪಲಾರೆ. ಕಾರಣ ಹುಡುಕದೆ ಪ್ರತಿದಿನ ಜ್ವರದ ಮಾತ್ರೆ ನುಂಗಿಸುವ ವೈದ್ಯನನ್ನು ನೀವು ಎಷ್ಟು ದಿನ ಸಹಿಸುವಿರಿ?

ಕಾಲಗಣನೆಯ ದೋಷವನ್ನು ತಾತ್ಕಾಲಿಕವಾಗಿ ಮುಚ್ಚಿಡುವುದರ ಬೆಲೆ ಏನೆಂಬುದನ್ನು ನಾವಿರುವ ಈ ದೇಶವೇ ಕಂಡಿದೆ. 1991ರ ಫೆಬ್ರವರಿ 25ರಂದು, ಕೊಲ್ಲಿ ಯುದ್ಧದ ವೇಳೆ, ಪೂರ್ವ ಕರಾವಳಿಯ ಧಹ್ರಾನ್‌ನಲ್ಲಿದ್ದ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆಯೊಂದು 100 ಗಂಟೆಗೂ ಹೆಚ್ಚು ಕಾಲ ನಿಲ್ಲದೆ ಓಡಿತ್ತು. ಅದರ ಗಣಕವು ಕಾಲವನ್ನು ಸೆಕೆಂಡಿನ ಹತ್ತನೆಯ ಒಂದು ಭಾಗಗಳಲ್ಲಿ ಎಣಿಸುತ್ತಿತ್ತು. ಆ ಭಿನ್ನರಾಶಿ 24 ಬಿಟ್‌ಗಳಲ್ಲಿ ಪೂರ್ಣವಾಗಿ ಹಿಡಿಯುವಂಥದ್ದಲ್ಲ. ಕಣ್ಣಿಗೆ ಕಾಣದ ಆ ಕೊರತೆ ಕೂಡುತ್ತ ಕೂಡುತ್ತ ಸುಮಾರು 0.34 ಸೆಕೆಂಡಿಗೆ ಬೆಳೆಯಿತು. ವ್ಯವಸ್ಥೆಯು ಎರಗಿಬರುತ್ತಿದ್ದ ಸ್ಕಡ್ ಕ್ಷಿಪಣಿಯನ್ನು ಆಕಾಶದ ತಪ್ಪು ಜಾಗದಲ್ಲಿ ಹುಡುಕಿತು. 28 ಅಮೆರಿಕನ್ ಸೈನಿಕರು ಸತ್ತರು. ದೋಷವು ಎರಡು ವಾರ ಮೊದಲೇ ತಿಳಿದಿತ್ತು. ಬಹಳ ದೀರ್ಘಕಾಲ ಓಡಿಸಿದರೆ ಗುರಿ ತಪ್ಪಬಹುದೆಂಬ ಸೂಚನೆಯೂ ಹೋಗಿತ್ತು. ದೀರ್ಘಕಾಲವೆಂದರೆ ಎಷ್ಟು ಗಂಟೆ ಎಂಬುದು ಮಾತ್ರ ಅದರಲ್ಲಿರಲಿಲ್ಲ. ತಿದ್ದಿದ ತಂತ್ರಾಂಶ ಧಹ್ರಾನ್ ತಲುಪಿದ್ದು ದುರಂತದ ಮರುದಿನ.

ನಮ್ಮ ಲ್ಯಾಪ್‌ಟಾಪಿನ ರೋಗ ಅಷ್ಟು ಗಹನವಾದುದಲ್ಲ. ಯಂತ್ರ ಆರಿರುವಾಗಲೂ ಗಡಿಯಾರವನ್ನು ನಡೆಸಲು ಒಳಗೊಂದು ಪುಟ್ಟ ಬ್ಯಾಟರಿ ಇರುತ್ತದೆ. ಅನೇಕ ಯಂತ್ರಗಳಲ್ಲಿ ಅದು ಸಿಆರ್2032 ಎಂಬ, ನಾಣ್ಯದಾಕಾರದ, 3 ವೋಲ್ಟಿನದು. ಅದು ಸೊರಗಿದಾಗ, ರಾತ್ರಿ ಆರಿಸಿಟ್ಟ ಯಂತ್ರ ಬೆಳಿಗ್ಗೆ ಹಿಂದುಳಿದ ಸಮಯದೊಂದಿಗೆ ಏಳುತ್ತದೆ. ಮನೆಯಲ್ಲಿ ಇದು ತಿಳಿಯುವುದೇ ಇಲ್ಲ, ಏಕೆಂದರೆ ಅಂತರ್ಜಾಲ ಸಿಕ್ಕೊಡನೆ ಗಡಿಯಾರ ತಾನಾಗಿ ಸರಿಹೋಗುತ್ತದೆ. ಶಿಬಿರದ ಸಭಾಂಗಣದಲ್ಲಿ ಅಂತರ್ಜಾಲವಿರಲಿಲ್ಲ. ಮುಚ್ಚಿದ್ದ ರೋಗ ಹೊರಬಿತ್ತು. ಆರಿಸದೆ ಓಡುತ್ತಿರುವಾಗಲೇ ಹಿಂದೆ ಬೀಳುವುದಾದರೆ ದೋಷ ಬ್ಯಾಟರಿಯದಲ್ಲ. ಆಗ ಮೊದಲು ನೋಡಬೇಕಾದುದು, ಸಮಯವನ್ನು ತಾನಾಗಿ ಹೊಂದಿಸಿಕೊಳ್ಳುವ ಸೆಟ್ಟಿಂಗ್ ಆಫ್ ಆಗಿದೆಯೇ ಎಂಬುದನ್ನು.

“ಎಲ್ಲ ಜಿಜಾನಿನ ಸೆಖೆಯ ಪ್ರಭಾವ” ಎನ್ನುವವರೂ ಇದ್ದಾರೆ. ಗಡಿಯಾರದ ಸ್ಫಟಿಕ ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. 25 ಡಿಗ್ರಿಯ ಆಸುಪಾಸಿನಲ್ಲಿ ಅದರ ನಡೆ ಅತ್ಯಂತ ನಿಖರ. 45 ಡಿಗ್ರಿಯಲ್ಲಿ ಅದು ದಿನಕ್ಕೆ ಹೆಚ್ಚೆಂದರೆ ಒಂದೆರಡು ಸೆಕೆಂಡು ಹಿಂದೆ ಬಿದ್ದೀತು. ನಲವತ್ತು ನಿಮಿಷಕ್ಕೆ ಸೆಖೆಯನ್ನು ದೂರಬೇಡಿ. ಸೆಖೆಯು ಬ್ಯಾಟರಿಯ ಆಯುಷ್ಯವನ್ನು ಕುಗ್ಗಿಸುವುದುಂಟು. ಹಾಗಾದರೆ ಇಲ್ಲಿ ಅದನ್ನು ಬೇಗ ಬದಲಿಸಬೇಕೆಂದಾಯಿತು.

ಇನ್ನೊಂದು ಚಾಳಿ: ಊರಿನಿಂದ ತಂದ ಲ್ಯಾಪ್‌ಟಾಪ್‌ನಲ್ಲಿ ಕಾಲವಲಯವನ್ನು ಭಾರತದ್ದಾಗಿಯೇ ಉಳಿಸಿ, ಗಡಿಯಾರವನ್ನು ಮಾತ್ರ ಎರಡೂವರೆ ಗಂಟೆ ಹಿಂದಕ್ಕೆ ತಿರುಗಿಸುವುದು. ಆಮೇಲೆ ಜಾಲತಾಣಗಳು ತೆರೆಯದೆ ಹೋದರೆ ವೈರಸ್ಸನ್ನು ಬೈಯುವುದು! ಬದಲಿಸಬೇಕಾದುದು ಕಾಲವಲಯವನ್ನು.

ಕೆಲವೇ ರಿಯಾಲ್‌ಗಳ ಬ್ಯಾಟರಿಗಾಗಿ ಸಮಿತಿಯ ಠರಾವು ಬೇಕಿಲ್ಲ. ಮುಂದಿನ ಶಿಬಿರಕ್ಕೆ ಮೊದಲು ಅದು ಬದಲಾಗಿರಲಿ. ಗೋಡೆಗೊಂದು ಗಡಿಯಾರ ತೂಗಲಿ. ತಿಂದ ಹೊತ್ತು, ರಕ್ತ ತೆಗೆದ ಹೊತ್ತು ಎರಡನ್ನೂ ಆ ಒಂದೇ ಗಡಿಯಾರ ನೋಡಿ ಪೆನ್ನಿನಿಂದ ಬರೆಯಲಿ. ಅಷ್ಟಾಗದಿದ್ದರೆ ಸಕ್ಕರೆ ಪರೀಕ್ಷೆಯ ಚೀಟಿಗೆ ನಾನು ಸಹಿ ಹಾಕುವುದಿಲ್ಲ.