ಪರದೆ ಮೇಲಿನ ಭಾಷೆ – 6: ಉರ್ದು ಪುಟಕ್ಕೆ ಮೆನು ಬಲಗಡೆ ಇರಲಿ

ಒತ್ತಕ್ಷರ ಒಡೆದು, ಕೊಂಬು ಎಲ್ಲೋ ಹಾರಿಹೋದ ಕನ್ನಡ ವೆಬ್‌ಸೈಟ್ ಕಂಡಾಗ ನಿಮಗೆ ಏನನ್ನಿಸುತ್ತೆ? ‘ಕನ್ನಡ ಬಾರದವರು ಮಾಡಿದ್ದು’ ಅಂತ ತಾನೆ?

ಅಕ್ಷರ ಸರಿಯಿದ್ದೂ ಪುಟ ಎಡದಿಂದ ಶುರುವಾದರೆ ಉರ್ದು ಓದುವವರಿಗೂ ಹಾಗೇ ಅನ್ನಿಸುತ್ತೆ. ಅವರೇನು ದೂರದವರಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದ ನೂರಕ್ಕೆ 10ಕ್ಕಿಂತ ಹೆಚ್ಚು ಜನರ ತಾಯ್ನುಡಿ ಉರ್ದು; ಕನ್ನಡದ ನಂತರದ ಸ್ಥಾನ ಅದರದ್ದೇ.

ಅನುವಾದ ಮಾಡಿಸಿದ ಮಾತ್ರಕ್ಕೆ ಕೆಲಸ ಮುಗಿಯಲ್ಲ. ಉರ್ದು ಓದುವ ಕಣ್ಣು ಮೊದಲು ಬಲಕ್ಕೆ ಹೋಗುತ್ತೆ. ಲೋಗೊ, ಮೆನು ಅಲ್ಲೇ ಸಿಗಬೇಕು. ‘ಹಿಂದಕ್ಕೆ’ ಅನ್ನೋ ಬಾಣ ಬಲಕ್ಕೆ ತಿರುಗಬೇಕು. ಹಾಗಂತ ಎಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ತಿರುಗಿಸಬೇಡಿ: ಅಂಕಿ, ಫೋನ್ ನಂಬರ್ ಉರ್ದುವಿನಲ್ಲೂ ಎಡದಿಂದಲೇ. ವಿಡಿಯೊದ ಪ್ಲೇ ಗುರುತೂ ಇದ್ದ ಹಾಗೇ ಇರಲಿ.

ಕಷ್ಟವಾ? ಕೊನೇ ವಾರದಲ್ಲಿ ನೋಡಿಕೊಳ್ಳೋಣ ಅಂದರೆ ಕಷ್ಟವೇ. ಮೊದಲೇ ಯೋಚಿಸಿದರೆ ಅಲ್ಲ. ಎಚ್‌ಟಿಎಂಎಲ್‌ನಲ್ಲಿ ಪುಟದ ದಿಕ್ಕು ‘ಆರ್‌ಟಿಎಲ್’ ಅಂತ ಕೊಡಿ. ಸಿಎಸ್‌ಎಸ್‌ನಲ್ಲಿ ಅಂಚು, ಅಂತರಗಳಿಗೆ ‘ಲೆಫ್ಟ್’, ‘ರೈಟ್’ ಬದಲು ‘ಸ್ಟಾರ್ಟ್’, ‘ಎಂಡ್’ ಬಳಸಿ. ಆಗ ಅದೇ ವಿನ್ಯಾಸ ಕನ್ನಡಕ್ಕೆ ಎಡದಿಂದ, ಉರ್ದುವಿಗೆ ಬಲದಿಂದ ಹೊಂದಿಕೊಳ್ಳುತ್ತೆ. ಆಮೇಲೆ ಉರ್ದು ಓದುವವರ ಕೈಗೆ ಕೊಟ್ಟು ಒಮ್ಮೆ ನೋಡಿಸಿ.

ವಿದ್ಯಾರ್ಥಿವೇತನದ ಅರ್ಜಿಯೂ ಈಗ ಫೋನಿನಲ್ಲೇ. ಗುಂಡಿ ಎಲ್ಲಿದೆ ಅಂತ ತಿಳಿಯದೆ ಒಂದು ಮಗು ಅರ್ಧಕ್ಕೇ ಬಿಟ್ಟರೆ, ಅದು ಮಗುವಿನ ತಪ್ಪಲ್ಲ. ನಮ್ಮ ಭಾಷೆಗೆ ನಾವು ಕೇಳೋ ಮರ್ಯಾದೆ ಪಕ್ಕದ ಮನೆ ಭಾಷೆಗೂ ಸಿಗಲಿ.

ವೆಬ್‌ಸೈಟ್ ಮಾಡೋ ಗೆಳೆಯರಿದ್ದರೆ ಇದನ್ನ ಅವರಿಗೆ ಕಳಿಸಿ.